ಚಪ್ಪಾಳೆ ಬೇರೆ, ಗೌರವ ಬೇರೆ

ನಮ್ಮಲ್ಲಿ ಗೌರವಕ್ಕೆ ಬರವಿಲ್ಲ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಊರೂರಲ್ಲಿ ಸನ್ಮಾನ ಸಮಾರಂಭಗಳು ನಡೆಯುತ್ತವೆ. ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ, ಮೈಸೂರು ಪೇಟ ಎಲ್ಲವೂ ಮೊದಲೇ ಸಿದ್ಧವಾಗಿರುತ್ತವೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ರ‍್ಯಾಂಕ್ ಪಡೆದವರಿಗೆ, ಕ್ರೀಡಾಕೂಟದಲ್ಲಿ ಪದಕ ಗೆದ್ದವರಿಗೆ, ಉತ್ಸವಗಳಲ್ಲಿ ಹಿರಿಯ ಕಲಾವಿದರಿಗೆ ಸಾಲುಸಾಲಾಗಿ ಗೌರವಾರ್ಪಣೆ ಆಗುತ್ತದೆ. ಆದರೆ ಅದೇ ಸಭೆಯ ಇನ್ನೊಂದು ಮುಖವನ್ನೂ ನಾವೆಲ್ಲ ನೋಡಿಯೇ ಇದ್ದೇವೆ. ಹಾಡಲು ಬಂದ ಕಲಾವಿದ ಎಲ್ಲರ ಭಾಷಣ ಮುಗಿಯುವವರೆಗೆ ವೇದಿಕೆಯ ಮೂಲೆಯಲ್ಲಿ ಕಾಯುತ್ತಾನೆ. ಅವನು ತಂಬೂರಿಯ ಶ್ರುತಿ ಸರಿಮಾಡಿಕೊಳ್ಳುವ ಹೊತ್ತಿಗೆ ಮುಖ್ಯ ಅತಿಥಿಗಳು ಎದ್ದು ಹೊರಟಿರುತ್ತಾರೆ, ಅವರ ಹಿಂದೆ ಅರ್ಧ ಸಭೆಯೂ ಹೊರಟಿರುತ್ತದೆ. ಶಾಲು ಹೊದಿಸಿದ್ದಾಯಿತು, ಹಾಡು ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಬೆಳಗ್ಗೆಯಿಂದ ಕುರ್ಚಿ ಜೋಡಿಸಿದವನ ಹೆಸರು ವಂದನಾರ್ಪಣೆಯ ಪಟ್ಟಿಯಲ್ಲಿಯೂ ಇರುವುದಿಲ್ಲ.

ಹಾಗಾದರೆ ಗೌರವ ಎಂದರೇನು? ಅದು ಸಾಧಿಸಿದವನಿಗೆ ಸಲ್ಲುವ ಬಹುಮಾನವೇ? ಹಿರಿಯನ ಎದುರು ಕಿರಿಯ ತಗ್ಗಿಸುವ ತಲೆಯೇ? ಅಥವಾ ಇವೆರಡೂ ಅಲ್ಲದ, ಏನನ್ನೂ ಸಾಧಿಸದವನಿಗೂ ಸಲ್ಲಬೇಕಾದ ಮತ್ತೊಂದೇ? ವಿದ್ಯಾಸಂಸ್ಥೆ, ಆಟದ ಮೈದಾನ ಮತ್ತು ಕಲೆಯ ವೇದಿಕೆಗಳಲ್ಲಿಯೇ ಈ ಪ್ರಶ್ನೆಯನ್ನು ಕೇಳಬೇಕಾಗಿದೆ. ಹುಟ್ಟನ್ನು ಬದಿಗಿಟ್ಟು ಯೋಗ್ಯತೆಯನ್ನು ಮಾತ್ರ ನೋಡುತ್ತೇವೆ ಎಂದು ಹೇಳಿಕೊಳ್ಳುವುದು ಈ ಮೂರು ಜಾಗಗಳೇ ಅಲ್ಲವೇ?

ಕನ್ನಡದ ಶಬ್ದಗಳೇ ಇಲ್ಲಿ ಸ್ವಲ್ಪ ದಾರಿ ತೋರಿಸುತ್ತವೆ. 'ಗೌರವ' ಎಂಬುದು 'ಗುರು' ಶಬ್ದದಿಂದ ಬಂದದ್ದು. ಭಾರವಾದದ್ದು ಎಂಬುದು ಅದರ ಮೂಲಾರ್ಥ. ಎದುರಿಗಿರುವ ವ್ಯಕ್ತಿಗೆ ಒಂದು ತೂಕವಿದೆ, ಅವನನ್ನು ಊದಿ ಹಾರಿಸಲಾಗದು ಎಂಬ ಅರಿವು ಆ ಶಬ್ದದೊಳಗಿದೆ. 'ಮರ್ಯಾದೆ' ಎಂದರೆ ಎಲ್ಲೆ, ಗಡಿ. ಇನ್ನೊಬ್ಬನ ಅಂಗಳಕ್ಕೆ ನುಗ್ಗದೆ ನಾನು ನಿಲ್ಲಬೇಕಾದ ಗೆರೆ ಅದು. ಉರ್ದು ಆಡುವ ಮನೆಗಳಲ್ಲಿ 'ಅದಬ್' ಎನ್ನುತ್ತಾರೆ. ಕೂರುವುದು, ಏಳುವುದು, ಮಾತಾಡುವುದು, ಕೇಳುವುದು ಎಲ್ಲದರಲ್ಲೂ ಇರಬೇಕಾದ ಶಿಸ್ತು ಅದು. ಈ ಮೂರು ಶಬ್ದಗಳಲ್ಲಿ ಯಾವುದೂ ಚಪ್ಪಾಳೆಯ ಬಗ್ಗೆ ಹೇಳುವುದಿಲ್ಲ. ಆದರೆ ಬಳಕೆಯಲ್ಲಿ ಅವುಗಳ ಮುಖ ಬದಲಾಗಿದೆ. ಇನ್ನೊಬ್ಬನನ್ನು ಕಾಯಬೇಕಾದ ಎಲ್ಲೆಯೇ ಅವನನ್ನು ಹೊರಗಿಡುವ ಬೇಲಿಯಾಯಿತು. 'ಮರ್ಯಾದೆ ಕೊಡು' ಎಂಬ ಮಾತಿಗೆ ಹೆಚ್ಚಿನ ಸಂದರ್ಭಗಳಲ್ಲಿ 'ನಿನ್ನ ಜಾಗದಲ್ಲಿ ನೀನಿರು' ಎಂಬ ಅರ್ಥ ಬಂದುಬಿಟ್ಟಿತು.

ಅಮೆರಿಕದ ತತ್ವಶಾಸ್ತ್ರಜ್ಞ ಸ್ಟೀಫನ್ ಡಾರ್ವಾಲ್ 1977ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಗೌರವವನ್ನು ಎರಡಾಗಿ ಬಿಡಿಸಿದರು. ಒಂದು, ವ್ಯಕ್ತಿಯ ಗುಣ ಮತ್ತು ಸಾಧನೆಯನ್ನು ಅಳೆದು ಕೊಡುವ ಗೌರವ. ಇದು ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಆಗುತ್ತದೆ, ಆಗಲೂಬೇಕು. ಇನ್ನೊಂದು, ಎದುರಿಗಿರುವುದು ಮನುಷ್ಯ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ನಡೆಯುವ ಗೌರವ. ಇದಕ್ಕೆ ಅಳತೆಗೋಲು ಇಲ್ಲ. ಗಳಿಸುವ ಅಗತ್ಯವೂ ಇಲ್ಲ. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಬಾರದು, ಅವನೇ ಒಂದು ಗುರಿ ಎಂದು ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯ ಇಮ್ಯಾನುಯೆಲ್ ಕಾಂಟ್ ವಾದಿಸಿದ್ದು ಈ ಎರಡನೆಯದರ ಬಗ್ಗೆ. ಮೊದಲನೆಯದನ್ನು ಮೆಚ್ಚುಗೆ ಎನ್ನೋಣ, ಎರಡನೆಯದನ್ನು ಗೌರವ ಎನ್ನೋಣ. ಮೆಚ್ಚುಗೆಯನ್ನು ಧಾರಾಳವಾಗಿ ಕೊಟ್ಟು, ಗೌರವ ಕೊಡದಿರುವುದನ್ನು ಅದರಿಂದ ಮುಚ್ಚಿಹಾಕುವುದೇ ನಮ್ಮ ಸಮಾಜದ ಹಳೆಯ ಉಪಾಯ.

ಮಣ್ಣಿನ ಕುಡಿಕೆಯ ಚಹಾ

ಪಾಲ್ವಣಕರ್ ಬಾಲೂ ಅವರ ಬದುಕು ಇದಕ್ಕೆ ಸ್ಪಷ್ಟ ಸಾಕ್ಷಿ. ಚಮ್ಮಾರ ಸಮುದಾಯದ ಬಾಲೂ 1870ರ ದಶಕದಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದವರು. ಪುಣೆಯಲ್ಲಿ ಬೆಳೆದ ಅವರು ಅಲ್ಲಿನ ಬಿಳಿಯರ ಕ್ಲಬ್ಬಿನಲ್ಲಿ ಪಿಚ್‌ಗೆ ರೋಲರ್ ಎಳೆಯುವ, ನೆಟ್ ಕಟ್ಟುವ ಕೆಲಸಕ್ಕೆ ಸೇರಿದರು. ಅಭ್ಯಾಸಕ್ಕೆ ಬಂದ ಸಾಹೇಬರಿಗೆ ಬೌಲಿಂಗ್ ಮಾಡುತ್ತ ಮಾಡುತ್ತ ಎಡಗೈ ಸ್ಪಿನ್ ಬೌಲರ್ ಆಗಿ ಪಳಗಿದರು. ಅವರು ಸಾಹೇಬರಿಗೆ ಸಾವಿರಾರು ಚೆಂಡುಗಳನ್ನು ಎಸೆದರು. ಆದರೆ ಬ್ಯಾಟ್ ಹಿಡಿಯುವುದು ಸಾಹೇಬರ ಹಕ್ಕಾಗಿತ್ತು.

ಪುಣೆಯ ಹಿಂದೂ ತಂಡಕ್ಕೆ ಬಿಳಿಯರನ್ನು ಸೋಲಿಸಬೇಕಿತ್ತು. ಸೋಲಿಸಲು ಬಾಲೂ ಬೇಕಿತ್ತು. ಹಾಗಾಗಿ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಮುಟ್ಟಿದ ಅದೇ ಚೆಂಡನ್ನು ಅವರೂ ಮುಟ್ಟಿದರು. ಆದರೆ ಚಹಾ ವಿರಾಮದಲ್ಲಿ ಉಳಿದವರು ಪೆವಿಲಿಯನ್‌ನ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿಯುತ್ತಿದ್ದರೆ, ಬಾಲೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ ಬರುತ್ತಿತ್ತು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಈ ವಿವರಗಳನ್ನೆಲ್ಲ ಇತಿಹಾಸಕಾರ ರಾಮಚಂದ್ರ ಗುಹಾ ಭಾರತೀಯ ಕ್ರಿಕೆಟ್‌ನ ಸಾಮಾಜಿಕ ಚರಿತ್ರೆಯನ್ನು ಬರೆಯುವಾಗ ದಾಖಲಿಸಿದ್ದಾರೆ. ಜೊತೆಗೆ ಆಡುವವರು ಜೊತೆಗೆ ಉಣ್ಣಲು ಯಾಕೆ ಹಿಂಜರಿಯಬೇಕು ಎಂದು ಆಗಲೇ ಕೇಳಿದವರು ಸುಧಾರಕ ಮಹಾದೇವ ಗೋವಿಂದ ರಾನಡೆ.

ಮುಂದೆ ಬಾಲೂ ಬಾಂಬೆಗೆ ಹೋದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಅದರಲ್ಲಿ ಅವರ ಬೌಲಿಂಗಿನ ಪಾಲು ದೊಡ್ಡದಿತ್ತು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ಅವರು 114 ವಿಕೆಟ್ ಪಡೆದರು. ಹಾರಗಳು ಬಿದ್ದವು, ಮೆರವಣಿಗೆಗಳೂ ನಡೆದವು. ಆದರೆ ಹಿಂದೂ ತಂಡದ ನಾಯಕತ್ವ ಮಾತ್ರ ಅವರಿಗೆ ಸಿಗಲಿಲ್ಲ. 1920ರಲ್ಲಿ ನಾಯಕನ ಆಯ್ಕೆಯ ವಿಷಯದಲ್ಲಿ ಅಣ್ಣನಿಗೆ ಆದ ಅನ್ಯಾಯವನ್ನು ಪ್ರತಿಭಟಿಸಿ ತಮ್ಮಂದಿರಾದ ಶಿವರಾಂ ಮತ್ತು ವಿಠಲ್ ತಂಡದಿಂದ ಹೊರನಡೆದರು. 1923ರಲ್ಲಿ ವಿಠಲ್ ನಾಯಕನಾದಾಗ ಒಂದು ಗೋಡೆ ಕುಸಿಯಿತು. ಅದು ಕುಸಿಯಲು ಒಂದು ಕುಟುಂಬದ ಅಣ್ಣತಮ್ಮಂದಿರು ಕಾಲು ಶತಮಾನ ದುಡಿಯಬೇಕಾಯಿತು.

ಈ ಕಥೆಯನ್ನು ಪ್ರತಿಭೆಯ ವಿಜಯಗಾಥೆ ಎಂದು ಹೇಳುವವರಿದ್ದಾರೆ. ಪ್ರತಿಭೆ ಜಾತಿಯನ್ನು ಗೆದ್ದಿತು ಎನ್ನುತ್ತಾರೆ. ಆದರೆ ಸ್ವಲ್ಪ ನಿಂತು ಯೋಚಿಸೋಣ. ಬಾಲೂ ಸಾಧಾರಣ ಬೌಲರ್ ಆಗಿದ್ದರೆ ಏನಾಗುತ್ತಿತ್ತು? ತಂಡದಲ್ಲಿ ಸಾಧಾರಣ ಆಟಗಾರರು ಬೇರೆ ಎಷ್ಟೋ ಮಂದಿ ಇದ್ದರಲ್ಲ! ಅವರೆಲ್ಲರೂ ಪಿಂಗಾಣಿ ಕಪ್ಪಿನಲ್ಲಿಯೇ ಚಹಾ ಕುಡಿದರು. ಆ ಕಪ್ಪು ಅವರಿಗೆ ಹುಟ್ಟಿನಿಂದ ಬಂದಿತ್ತು. ಬಾಲೂ ಅದನ್ನು ವಿಕೆಟ್‌ಗಳನ್ನು ಕೊಟ್ಟು ಕೊಳ್ಳಬೇಕಾಯಿತು. 2001ರ 'ಲಗಾನ್' ಚಿತ್ರದಲ್ಲಿಯೂ ಇದೇ ತೊಡಕಿದೆ. ಅಸ್ಪೃಶ್ಯನಾದ ಕಚ್ರಾ ಹಳ್ಳಿಯ ತಂಡಕ್ಕೆ ಬರುವುದು ಅವನ ಸೊಟ್ಟ ಕೈಯಿಂದ ಚೆಂಡು ವಿಚಿತ್ರವಾಗಿ ತಿರುಗುತ್ತದೆ ಎಂದು ತಿಳಿದ ಮೇಲೆ. ನಾಯಕನ ಭಾಷಣಕ್ಕೆ ಚಿತ್ರಮಂದಿರದಲ್ಲಿ ಚಪ್ಪಾಳೆ ಬೀಳುತ್ತದೆ. ಆದರೆ ಚೆಂಡು ತಿರುಗದೆ ಇದ್ದಿದ್ದರೆ ಕಚ್ರಾ ಎಲ್ಲಿರುತ್ತಿದ್ದ? ಬಹುಶಃ ಗಡಿಗೆರೆಯ ಹೊರಗೆಯೇ ಇರುತ್ತಿದ್ದ.

ಪ್ರತಿಭೆಯನ್ನು ಪ್ರವೇಶದ ಸುಂಕವಾಗಿ ವಸೂಲಿ ಮಾಡುವ ಕಡೆ ಗೌರವ ಇಲ್ಲ, ಅಲ್ಲಿರುವುದು ಲೆಕ್ಕಾಚಾರ. ಇದನ್ನು ಹಿಂದುಳಿದ, ದಲಿತ, ಅಲ್ಪಸಂಖ್ಯಾತ ಸಮುದಾಯಗಳು ಚೆನ್ನಾಗಿ ಬಲ್ಲವು. ನಮ್ಮಲ್ಲಿ ಒಬ್ಬ ವಿಜ್ಞಾನಿ, ಒಬ್ಬ ಆಟಗಾರ, ಒಬ್ಬ ಶಹನಾಯಿ ವಾದಕನನ್ನು ತೋರಿಸಿ 'ನೋಡಿ, ನಾವೂ ದೇಶಕ್ಕೆ ಕೊಟ್ಟಿದ್ದೇವೆ' ಎಂದು ಹೇಳಬೇಕಾದ ಒತ್ತಡ ಇದೆ. ಹೆಮ್ಮೆಪಡುವುದು ತಪ್ಪಲ್ಲ. ಆದರೆ ಆ ಪಟ್ಟಿಯಲ್ಲಿ ಹೆಸರಿಲ್ಲದ ಮೀನುಗಾರ, ಬೀಡಿ ಕಟ್ಟುವ ಹೆಂಗಸು, ಗ್ಯಾರೇಜಿನ ಹುಡುಗ ಇವರ ಮನುಷ್ಯತ್ವಕ್ಕೆ ಯಾರ ಪ್ರಮಾಣಪತ್ರ ಬೇಕು?

ಹಾಡಿಗೆ ಮೆಚ್ಚುಗೆ, ಪಂಕ್ತಿಯಲ್ಲಿ ಅಂಜಿಕೆ

ಕಲೆಯ ಕ್ಷೇತ್ರಕ್ಕೆ ಬಂದರೆ ಅದೇ ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ನೆನಪಾಗುತ್ತಾರೆ. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಹಾಡುವವರ ಮನೆ ಎಂಬ ಕಾರಣಕ್ಕೆ ಅಕ್ಕಪಕ್ಕದವರ ತಾತ್ಸಾರವನ್ನು ಬಾಲ್ಯದಲ್ಲಿಯೇ ಉಂಡವರು ಗಂಗೂಬಾಯಿ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡುವ ಅವಕಾಶ ಆ ಹುಡುಗಿಗೆ ಸಿಕ್ಕಿತು. ಆದರೆ ಆ ದಿನದ ಬಗ್ಗೆ ಅವರು ಮುಂದೆ ನೆನಪಿಸಿಕೊಂಡದ್ದು ಹಾಡಿನ ಸಂಭ್ರಮವನ್ನಷ್ಟೇ ಅಲ್ಲ. ಊಟವಾದ ಮೇಲೆ ಎಂಜಲೆಲೆ ತೆಗೆಯಲು ತನಗೆ ಹೇಳುತ್ತಾರೋ ಏನೋ ಎಂಬ ಅಂಜಿಕೆಯನ್ನೂ ಅವರು ನೆನಪಿಸಿಕೊಂಡರು. ಇಡೀ ದೇಶದ ನಾಯಕರ ಮುಂದೆ ಹಾಡಿದ ಮಗುವಿನ ಮನಸ್ಸಿನಲ್ಲಿ ಅಂಥದೊಂದು ಹೆದರಿಕೆ ಕೂತಿತ್ತೆಂದರೆ, ಅದನ್ನು ಅಲ್ಲಿ ಕೂರಿಸಿದವರು ಯಾರು? ಮಗು ಹುಟ್ಟುವಾಗ ಅದನ್ನು ತಂದಿರುವುದಿಲ್ಲವಷ್ಟೆ.

ಅದೇ ಕಾಲದ ಇನ್ನೊಂದು ಚಿತ್ರವೂ ಇದೆ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಧಾರವಾಡದ ಕಡೆ ಬಂದಾಗ ಅಂಬಾಬಾಯಿಯವರ ಮನೆಗೆ ಹೋಗಿ ಅವರ ಹಾಡು ಕೇಳುತ್ತಿದ್ದರು. ಬೇರೆ ಧರ್ಮದ, ಬೇರೆ ಸಂಗೀತ ಪದ್ಧತಿಯ, ಹೆಸರು ಮಾಡಿದ ಉಸ್ತಾದರು ಒಬ್ಬ ಹೆಣ್ಣುಮಗಳ ಮನೆಯ ಚಾಪೆಯ ಮೇಲೆ ಕೇಳುಗರಾಗಿ ಕೂತಿದ್ದರು. ಅವರು ಕುಂದಗೋಳದ ರಾಮಭಾವು ಅವರಿಗೆ ಕಲಿಸಿದರು. ಅವರೇ ಸವಾಯಿ ಗಂಧರ್ವರಾದರು. ಸವಾಯಿ ಗಂಧರ್ವರು ಗಂಗೂಬಾಯಿಗೂ ಭೀಮಸೇನ ಜೋಶಿಯವರಿಗೂ ಕಲಿಸಿದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಗಂಗೂಬಾಯಿ ಕಲಿತರು. ಕೇಳುವುದು ಮತ್ತು ಕಲಿಸುವುದು, ಕಲೆಯಲ್ಲಿ ಗೌರವ ಎಂದರೆ ಮೊದಲಿಗೆ ಇವೆರಡೇ. ಶಾಲು ಆಮೇಲಿನದು.

ಬಿರುದುಗಳ ಬಗ್ಗೆಯೂ ಗಂಗೂಬಾಯಿ ಒಂದು ಹರಿತವಾದ ಮಾತು ಆಡಿದ್ದರು. ಗಾಯಕ ಮುಸ್ಲಿಮನಾದರೆ ಉಸ್ತಾದ್ ಆಗುತ್ತಾನೆ, ಹಿಂದೂವಾದರೆ ಪಂಡಿತ್ ಆಗುತ್ತಾನೆ, ಆದರೆ ಕೇಸರಬಾಯಿ, ಮೋಗೂಬಾಯಿಯಂಥವರು ಕೊನೆಯವರೆಗೂ 'ಬಾಯಿ'ಗಳಾಗಿಯೇ ಉಳಿಯುತ್ತಾರೆ ಎಂಬುದು ಅದರ ತಾತ್ಪರ್ಯ. 2002ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. 2009ರಲ್ಲಿ ಅವರು ತೀರಿಕೊಂಡಾಗ ಸರಕಾರಿ ಗೌರವ ಸಂದಿತು. ಪ್ರಶಸ್ತಿ ಒಬ್ಬ ವ್ಯಕ್ತಿಯನ್ನು ಎತ್ತಿ ಹಿಡಿಯಬಲ್ಲದು. ಆದರೆ ಹೆಸರಿನ ಹಿಂದಿರುವ ತಾರತಮ್ಯವನ್ನು ಪ್ರಶಸ್ತಿಯೊಂದರಿಂದ ಅಳಿಸಲಾಗದು ಎಂಬುದನ್ನು ಆ ಮಾತು ಇಂದಿಗೂ ನೆನಪಿಸುತ್ತದೆ.

ಕ್ಯಾಂಪಸ್ಸಿನಲ್ಲಿ ತಲೆ ತಗ್ಗಿಸುವ ಪಾಠ

ವಿದ್ಯಾಸಂಸ್ಥೆಗಳಲ್ಲಿ ಗೌರವದ ಬಗ್ಗೆ ಅತಿ ಹೆಚ್ಚು ಮಾತಾಡುತ್ತಾರೆ. ಆದರೆ ಅಲ್ಲಿ ಗೌರವ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. ವಿದ್ಯಾರ್ಥಿ ಅಧ್ಯಾಪಕನಿಗೆ, ಅಧ್ಯಾಪಕ ಪ್ರಾಂಶುಪಾಲನಿಗೆ, ಪ್ರಾಂಶುಪಾಲ ಆಡಳಿತ ಮಂಡಳಿಗೆ, ಕಿರಿಯ ಹಿರಿಯನಿಗೆ ಅದನ್ನು ಕೊಡುತ್ತಾನೆ. ಮೇಲಿನಿಂದ ಕೆಳಕ್ಕೆ ಬರುವುದು ಶಿಸ್ತು ಮಾತ್ರ. ರ‍್ಯಾಗಿಂಗ್ ಮಾಡುವ ಹುಡುಗರನ್ನು ಕೇಳಿದರೆ ಅವರ ಸಮರ್ಥನೆಯೂ ಇದೇ ಆಗಿರುತ್ತದೆ: 'ಹೊಸಬರಿಗೆ ಹಿರಿಯರನ್ನು ಗೌರವಿಸಲು ಕಲಿಸುತ್ತಿದ್ದೇವೆ'. 2001ರಲ್ಲಿ ಸುಪ್ರೀಂ ಕೋರ್ಟ್ ಇದರ ವಿರುದ್ಧ ನಿರ್ದೇಶನ ಕೊಟ್ಟಿತು. 2009ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಕಟ್ಟುನಿಟ್ಟಿನ ನಿಯಮಗಳನ್ನು ತಂದಿತು. ನಿಯಮಗಳು ಬೇಕು. ಆದರೆ ಹೆದರಿಕೆಗೇ ಗೌರವ ಎಂದು ಹೆಸರಿಟ್ಟ ಸಂಸ್ಕೃತಿಯೊಳಗೆ ನಿಯಮಗಳು ಎಷ್ಟು ದೂರ ಹೋಗಬಲ್ಲವು?

ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ದಲಿತ ಮತ್ತು ಆದಿವಾಸಿ ವಿದ್ಯಾರ್ಥಿಗಳ ದೂರುಗಳನ್ನು ಪರಿಶೀಲಿಸಲು 2006ರಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. 2007ರಲ್ಲಿ ಅದು ವರದಿ ಕೊಟ್ಟಿತು. ದೇಶದ ಅತ್ಯಂತ ಕಠಿಣ ಪ್ರವೇಶ ಪರೀಕ್ಷೆಗಳಲ್ಲಿ ಒಂದನ್ನು ದಾಟಿ ಬಂದ ಮಕ್ಕಳು ಅವರು. ಆದರೂ ತರಗತಿಯಲ್ಲಿ ಮಾತ್ರವಲ್ಲ, ಹಾಸ್ಟೆಲಿನ ಕೋಣೆಗಳಲ್ಲಿ, ಊಟದ ಮೇಜಿನಲ್ಲಿ, ಆಟದಲ್ಲಿ, ಸಾಂಸ್ಕೃತಿಕ ಕಾರ್ಯಕ್ರಮಗಳಲ್ಲಿಯೂ ಪ್ರತ್ಯೇಕಗೊಂಡ ಅನುಭವವನ್ನು ಅವರು ಹೇಳಿಕೊಂಡರು. ಬಾಲೂ ಅವರ ಮಣ್ಣಿನ ಕುಡಿಕೆ ನೂರು ವರ್ಷಗಳ ಮೇಲೂ ಒಡೆದಿರಲಿಲ್ಲ, ರೂಪ ಬದಲಿಸಿತ್ತು ಅಷ್ಟೆ. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಪ್ರಾಣ ಕಳೆದುಕೊಂಡರು. ಅದಕ್ಕೆ ಮೊದಲು ಹಾಸ್ಟೆಲಿನಿಂದ ಹೊರಹಾಕಲ್ಪಟ್ಟ ಐವರಲ್ಲಿ ಅವರೂ ಒಬ್ಬರು. ಮನುಷ್ಯನ ಬೆಲೆಯನ್ನು ಒಂದು ಗುರುತಿಗೆ, ಒಂದು ಮತಕ್ಕೆ, ಒಂದು ಸಂಖ್ಯೆಗೆ ಇಳಿಸಿಬಿಟ್ಟಿದ್ದಾರೆ ಎಂಬ ನೋವು ಅವರ ಕೊನೆಯ ಪತ್ರದಲ್ಲಿತ್ತು. ಗೌರವದ ಪ್ರಶ್ನೆ ಪ್ರಾಣದ ಪ್ರಶ್ನೆಯೂ ಆಗಬಲ್ಲದು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ನಮ್ಮದೇ ಕರಾವಳಿಯ ಸಂಗತಿಯನ್ನೂ ಇಲ್ಲಿ ಬಿಟ್ಟು ಮುಂದೆ ಹೋಗಲಾಗದು. 2021ರ ಡಿಸೆಂಬರಿನಲ್ಲಿ ಉಡುಪಿಯ ಕಾಲೇಜೊಂದರಲ್ಲಿ ಶುರುವಾದ ಹಿಜಾಬ್ ವಿವಾದ ಕೆಲವೇ ವಾರಗಳಲ್ಲಿ ರಾಜ್ಯವನ್ನೆಲ್ಲ ಆವರಿಸಿತು. 2022ರ ಫೆಬ್ರವರಿ 5ರಂದು ಸರಕಾರದ ಆದೇಶ ಬಂತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕಾನೂನಿನ ವಾದ ಏನೇ ಇರಲಿ, ಸಮವಸ್ತ್ರ ಬೇಕು ಎಂಬವರೂ ಆಯ್ಕೆಯ ಸ್ವಾತಂತ್ರ್ಯ ಬೇಕು ಎಂಬವರೂ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇದೆ. ಗೇಟಿನ ಮುಂದೆ ನಿಂತ ಆ ಹದಿನಾರು ಹದಿನೇಳರ ಹುಡುಗಿಯರ ಜೊತೆ ಹೇಗೆ ಮಾತಾಡಲಾಯಿತು? ಅವರ ಮಾತನ್ನು ಯಾರಾದರೂ ಕೂರಿಸಿ ಕೇಳಿದರೇ? ಕೆಲವೆಡೆ ಟಿ.ವಿ. ಕ್ಯಾಮೆರಾಗಳ ಎದುರು, ರಸ್ತೆಯ ಮೇಲೆಯೇ ಬಟ್ಟೆಯನ್ನು ತೆಗೆಸಿದ್ದು ಯಾವ ನಿಯಮದ ಅಗತ್ಯವಾಗಿತ್ತು? ನಿಯಮ ಜಾರಿಮಾಡುವಾಗಲೂ ಎದುರಿಗಿರುವವಳು ನಮ್ಮ ವಿದ್ಯಾರ್ಥಿನಿ ಎಂಬ ಅರಿವು ಉಳಿಯಬೇಕಿತ್ತು. ಅದನ್ನು ಉಳಿಸಿಕೊಂಡ ಅಧ್ಯಾಪಕರೂ ಇದ್ದರು. ಆದರೆ ಅವರು ಸುದ್ದಿಯಾಗಲಿಲ್ಲ.

ಹೊರಗಿನವರನ್ನು ಕೇಳುವ ಪ್ರಶ್ನೆಯನ್ನು ನಮ್ಮೊಳಗೂ ಕೇಳಿಕೊಳ್ಳಬೇಕು. ಶವಯಾತ್ರೆಯೊಂದು ಹಾದುಹೋಗುವಾಗ ಪ್ರವಾದಿ ಮುಹಮ್ಮದರು ಎದ್ದು ನಿಂತ ಘಟನೆ ಪ್ರಸಿದ್ಧವಾಗಿದೆ. ಅದು ಯಹೂದಿಯೊಬ್ಬನ ಶವ ಎಂದು ಜೊತೆಗಿದ್ದವರು ಹೇಳಿದಾಗ, ಅದೂ ಒಂದು ಜೀವವಲ್ಲವೇ ಎಂದು ಅವರು ಮರುಪ್ರಶ್ನಿಸಿದರು. ಸತ್ತವನು ಯಾರು, ಏನು ಸಾಧಿಸಿದ್ದ ಎಂಬ ವಿಚಾರಣೆ ಅಲ್ಲಿ ನಡೆಯಲಿಲ್ಲ. ಈ ಘಟನೆಯನ್ನು ವೇದಿಕೆಗಳಲ್ಲಿ ಹೇಳುವ ನಾವು ನಮಾಝಿನ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವೆ. ಆದರೆ ಮದುವೆಯ ಮಾತು ಬಂದಾಗ ಮನೆತನ ಮತ್ತು ಕಸುಬನ್ನು ಕೇಳುವುದನ್ನು ಬಿಟ್ಟಿದ್ದೇವೆಯೇ? ಮನೆಯ ಹುಡುಗಿ ತನ್ನ ಓದಿನ ಬಗ್ಗೆ ಹೇಳುವ ಮಾತಿಗೆ ಎಷ್ಟು ತೂಕ ಕೊಡುತ್ತೇವೆ?

ಎಲ್ಲರಿಗೂ ಕೊಟ್ಟರೆ ಅಗ್ಗವಾಗುವುದಿಲ್ಲವೇ?

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಗಳಿಸದೆಯೇ ಎಲ್ಲರಿಗೂ ಗೌರವ ಸಿಗುವುದಾದರೆ ಅದಕ್ಕೆ ಬೆಲೆ ಎಲ್ಲಿ ಉಳಿಯುತ್ತದೆ? ಚೆನ್ನಾಗಿ ಓದಿದವನಿಗೂ ಓದದವನಿಗೂ, ಶ್ರುತಿಬದ್ಧವಾಗಿ ಹಾಡಿದವನಿಗೂ ಅಪಸ್ವರ ಹಾಡಿದವನಿಗೂ ವ್ಯತ್ಯಾಸ ಬೇಡವೇ? ಖಂಡಿತ ಬೇಕು. ಆದರೆ ಆ ವ್ಯತ್ಯಾಸ ಇರಬೇಕಾದದ್ದು ಅಂಕಪಟ್ಟಿಯಲ್ಲಿ, ಸ್ಕೋರ್ ಬೋರ್ಡಿನಲ್ಲಿ, ವಿಮರ್ಶೆಯಲ್ಲಿ. ಚಹಾದ ಕಪ್ಪಿನಲ್ಲಿ ಅಲ್ಲ, ಕುರ್ಚಿಯಲ್ಲಿ ಅಲ್ಲ, ಕರೆಯುವ ಹೆಸರಿನಲ್ಲಿಯೂ ಅಲ್ಲ.

ಅಷ್ಟೇ ಅಲ್ಲ, ನಿಜವಾದ ಗೌರವ ಮೆದುವಾಗಿಯೇ ಇರಬೇಕೆಂದಿಲ್ಲ. ಇದನ್ನು ಆಟ ಚೆನ್ನಾಗಿ ಕಲಿಸುತ್ತದೆ. ಎದುರಾಳಿಯನ್ನು ಗೌರವಿಸುವ ಬೌಲರ್ ಬೇಕೆಂದೇ ಸಡಿಲ ಚೆಂಡು ಹಾಕುವುದಿಲ್ಲ. ತನ್ನ ಅತ್ಯುತ್ತಮ ಚೆಂಡನ್ನೇ ಹಾಕುತ್ತಾನೆ. 'ಪಾಪ, ಬಿಟ್ಟುಬಿಡೋಣ' ಎಂದು ಆಡುವುದು ದಯೆಯಂತೆ ಕಂಡರೂ ಒಳಗೆ ತಿರಸ್ಕಾರವೇ ಇರುತ್ತದೆ. ಸಂಗೀತದಲ್ಲಿಯೂ ಹಾಗೆ. ಶಿಷ್ಯನ ಸ್ವರ ತಪ್ಪಿದಾಗ ನಿಲ್ಲಿಸಿ ತಿದ್ದುವ ಗುರು ಅವನನ್ನು ಗೌರವಿಸುತ್ತಾನೆ. ಬೆನ್ನು ತಟ್ಟಿ ಕಳಿಸುವವನಲ್ಲ. ತರಗತಿಯಲ್ಲಿ ಹಳ್ಳಿಯಿಂದ ಬಂದ ಹುಡುಗನಿಂದ ಏನನ್ನೂ ನಿರೀಕ್ಷಿಸದೆ ಪಾಸು ಮಾಡಿಬಿಡುವ ಅಧ್ಯಾಪಕ ಉದಾರಿಯಲ್ಲ. ಅವನ ತಪ್ಪು ವಾದವನ್ನು ಗಂಭೀರವಾಗಿ ತೆಗೆದುಕೊಂಡು ಎದುರು ವಾದ ಹೂಡುವವನೇ ಅವನಿಗೆ ತೂಕ ಕೊಟ್ಟವನು.

ಭಿನ್ನಾಭಿಪ್ರಾಯವೂ ಗೌರವಕ್ಕೆ ವಿರೋಧಿಯಲ್ಲ. ಯುವಕ ಅಂಬೇಡ್ಕರರಿಗೆ ಬಾಲೂ ಎಂದರೆ ಅಭಿಮಾನವಿತ್ತು. ಮುಂದೆ ರಾಜಕೀಯದಲ್ಲಿ ಇಬ್ಬರ ದಾರಿಗಳು ಬೇರೆಯಾದವು. ದಲಿತರ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆಯಲ್ಲಿ ಬಾಲೂ ಗಾಂಧೀಜಿಯ ಪರ ನಿಂತರು. 1937ರ ಬಾಂಬೆ ವಿಧಾನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಅಂಬೇಡ್ಕರರ ವಿರುದ್ಧವೇ ನಿಂತು ಸೋತರು. ಇಬ್ಬರಲ್ಲಿ ಯಾರು ಸರಿ ಎಂಬುದು ಬೇರೆ ಚರ್ಚೆ. ಅಭಿಮಾನವಿದ್ದಲ್ಲಿ ಒಪ್ಪಿಗೆ ಇರಲೇಬೇಕೆಂದಿಲ್ಲ, ವಿರೋಧವಿದ್ದಲ್ಲಿ ಅವಮಾನ ಇರಲೇಬೇಕೆಂದಿಲ್ಲ ಎಂಬುದನ್ನು ಮಾತ್ರ ಇಂದಿನ ಕ್ಯಾಂಪಸ್ಸುಗಳು ಮತ್ತೆ ಕಲಿಯಬೇಕಾಗಿದೆ. ಎದುರಿನವನ ವಾದವನ್ನು ಕೇಳುವ ಮೊದಲೇ ಅವನ ಹೆಸರನ್ನು ಕೇಳಿ ತೀರ್ಮಾನಕ್ಕೆ ಬರುವ ಚಾಳಿ ಎಲ್ಲ ಪಕ್ಷಗಳಲ್ಲೂ ಬೆಳೆದಿದೆ.

ಖಾಲಿ ಬಿಟ್ಟ ಮೆಟ್ಟಿಲು

ವಿದ್ಯಾಸಂಸ್ಥೆ, ಕ್ರೀಡೆ ಮತ್ತು ಕಲೆ ಮೂರೂ ಒಂದೇ ಕಡೆ ಕೂಡಿದ ಒಂದು ಉದಾಹರಣೆ ಅಮೆರಿಕದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದೆ. 1960ರ ದಶಕದಲ್ಲಿ ಅಲ್ಲಿನ ಕಪ್ಪು ಓಟಗಾರರು ವಿಶ್ವವಿದ್ಯಾಲಯಕ್ಕೆ ಜಗತ್ತಿನಾದ್ಯಂತ ಹೆಸರು ತಂದರು. ಆದರೆ ಕ್ಯಾಂಪಸ್ಸಿನ ಸುತ್ತ ಬಾಡಿಗೆ ಕೋಣೆ ಹುಡುಕುವಾಗ ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ಮುಚ್ಚುತ್ತಿತ್ತು. 1967ರಲ್ಲಿ ಅಲ್ಲಿನ ಸಮಾಜಶಾಸ್ತ್ರದ ಅಧ್ಯಾಪಕ ಹ್ಯಾರಿ ಎಡ್ವರ್ಡ್ಸ್ ಇದರ ವಿರುದ್ಧ ವಿದ್ಯಾರ್ಥಿಗಳನ್ನು ಸಂಘಟಿಸಿದರು. ಪ್ರತಿಭಟನೆಯ ಬಿಸಿಗೆ ಆ ವರ್ಷದ ಮೊದಲ ಫುಟ್ಬಾಲ್ ಪಂದ್ಯವೇ ರದ್ದಾಯಿತು.

ಅದೇ ವಿಶ್ವವಿದ್ಯಾಲಯದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ 1968ರ ಮೆಕ್ಸಿಕೋ ಒಲಿಂಪಿಕ್ಸ್‌ನ 200 ಮೀಟರ್ ಓಟದಲ್ಲಿ ಚಿನ್ನ ಮತ್ತು ಕಂಚು ಗೆದ್ದರು. ಸ್ಮಿತ್ 19.83 ಸೆಕೆಂಡುಗಳ ವಿಶ್ವದಾಖಲೆ ಮಾಡಿದರು. ಪದಕ ವೇದಿಕೆಗೆ ಇಬ್ಬರೂ ಶೂಗಳಿಲ್ಲದೆ ಕಪ್ಪು ಕಾಲುಚೀಲದಲ್ಲಿ ಬಂದರು. ರಾಷ್ಟ್ರಗೀತೆ ನುಡಿಯುವಾಗ ತಲೆ ತಗ್ಗಿಸಿ, ಕಪ್ಪು ಕೈಗವಸಿನ ಮುಷ್ಟಿ ಎತ್ತಿದರು. ಧ್ವಜಕ್ಕೆ ಅಗೌರವ ಎಂಬ ಕೂಗೆದ್ದಿತು. ಅವರನ್ನು ತಂಡದಿಂದ ತೆಗೆದು ಕ್ರೀಡಾಗ್ರಾಮದಿಂದ ಹೊರಗೆ ಕಳಿಸಲಾಯಿತು. ಆ ಧ್ವಜದ ನೆರಳಿನಲ್ಲೇ ಅವರಿಗೆ ಮನೆ ಸಿಗದೆ ಹೋದದ್ದು ಧ್ವಜಕ್ಕೆ ತೋರಿದ ಅಗೌರವ ಎಂದು ಅಂದು ಕೂಗಿದವರಿಗೆ ಅನ್ನಿಸಲಿಲ್ಲ.

ಬೆಳ್ಳಿ ಗೆದ್ದವರು ಆಸ್ಟ್ರೇಲಿಯಾದ ಬಿಳಿಯ ಓಟಗಾರ ಪೀಟರ್ ನಾರ್ಮನ್. ಅವರು ಮುಷ್ಟಿ ಎತ್ತಲಿಲ್ಲ. ಆದರೆ ಮಾನವ ಹಕ್ಕುಗಳ ಆ ಚಳವಳಿಯ ಬ್ಯಾಡ್ಜನ್ನು ಕೇಳಿ ಪಡೆದು ಎದೆಗೆ ಹಾಕಿಕೊಂಡರು. ಕಾರ್ಲೋಸ್ ಕೈಗವಸು ಮರೆತು ಬಂದಿದ್ದರಿಂದ ಒಂದೇ ಜೊತೆಯನ್ನು ಇಬ್ಬರೂ ಹಂಚಿಕೊಳ್ಳಿ ಎಂದು ಸೂಚಿಸಿದವರೂ ಅವರೇ. ಊರಿಗೆ ಮರಳಿದ ಮೇಲೆ ಟೀಕೆಯನ್ನೂ ಕಡೆಗಣನೆಯನ್ನೂ ಅನುಭವಿಸಿದರು. ಅವರ 20.06 ಸೆಕೆಂಡುಗಳ ದಾಖಲೆಯನ್ನು ಆಸ್ಟ್ರೇಲಿಯಾದ ಯಾವ ಓಟಗಾರನೂ 2024ರ ಡಿಸೆಂಬರ್‌ವರೆಗೆ ಮುರಿಯಲಿಲ್ಲ. 2006ರಲ್ಲಿ ನಾರ್ಮನ್ ತೀರಿಕೊಂಡಾಗ ಸ್ಮಿತ್ ಮತ್ತು ಕಾರ್ಲೋಸ್ ಮೆಲ್ಬೋರ್ನಿಗೆ ಬಂದು ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಆಸ್ಟ್ರೇಲಿಯಾದ ಸಂಸತ್ತು ಕ್ಷಮೆ ಕೇಳಿದ್ದು 2012ರಲ್ಲಿ.

2005ರಲ್ಲಿ ಸ್ಯಾನ್ ಹೋಸೆ ಕ್ಯಾಂಪಸ್ಸಿನಲ್ಲಿ ಆ ಪದಕ ವೇದಿಕೆಯ ಬೃಹತ್ ಶಿಲ್ಪ ಸ್ಥಾಪನೆಯಾಯಿತು. ಅದನ್ನು ರೂಪಿಸಿದವರು ರಿಗೋ 23 ಎಂಬ ಹೆಸರಿನ ಕಲಾವಿದ. ಅದರಲ್ಲಿ ಸ್ಮಿತ್ ಇದ್ದಾರೆ, ಕಾರ್ಲೋಸ್ ಇದ್ದಾರೆ. ಎರಡನೆಯ ಸ್ಥಾನದ ಮೆಟ್ಟಿಲು ಮಾತ್ರ ಖಾಲಿ ಇದೆ. ಅದು ನಾರ್ಮನ್ ಅವರದೇ ಇಚ್ಛೆ. ನೋಡಲು ಬಂದ ಯಾರಾದರೂ ಅಲ್ಲಿ ಹತ್ತಿ ನಿಲ್ಲಲಿ ಎಂದು ಅವರು ಬಯಸಿದರು.

ಗೌರವದ ಬಗ್ಗೆ ಇದಕ್ಕಿಂತ ಸರಳವಾದ ಪಾಠ ಇಲ್ಲ. ನಾರ್ಮನ್‌ಗೆ ಆ ಹೋರಾಟದಿಂದ ಸಿಗಬೇಕಾದದ್ದು ಏನೂ ಇರಲಿಲ್ಲ. ಪಕ್ಕದಲ್ಲಿದ್ದವರ ವೇಗವನ್ನು ಮೆಚ್ಚಿ ಕೈಕುಲುಕಿ ಇಳಿದುಬಿಡಬಹುದಿತ್ತು; ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಅವರು ಓಟಗಾರರನ್ನು ಮೆಚ್ಚುವುದರಲ್ಲೇ ನಿಲ್ಲದೆ ಆ ಇಬ್ಬರು ಮನುಷ್ಯರ ಜೊತೆ ನಿಂತರು. ಮೆಚ್ಚುಗೆಗೆ ಹೆಚ್ಚು ಖರ್ಚಿಲ್ಲ. ಗೌರವಕ್ಕೆ ಕೆಲವೊಮ್ಮೆ ನಮ್ಮದೇನನ್ನೋ ತೆರಬೇಕಾಗುತ್ತದೆ.

ನಾವೆಲ್ಲರೂ ಒಲಿಂಪಿಕ್ಸ್ ವೇದಿಕೆ ಹತ್ತುವವರಲ್ಲ. ಆದರೆ ನಮ್ಮ ಕಾಲೇಜಿನ ಮೈದಾನಕ್ಕೆ ಬೆಳಗಿನ ಜಾವ ನೀರು ಹಾಕಿ ರೋಲರ್ ಎಳೆಯುವವನೊಬ್ಬ ಇದ್ದಾನೆ. ತರಗತಿ ಗುಡಿಸುವ ಹೆಂಗಸೊಬ್ಬಳಿದ್ದಾಳೆ. ನಾಟಕದ ದಿನ ಪರದೆ ಎಳೆಯುವವನು, ಹಾಡಿನ ದಿನ ತಬಲಾ ಹೊತ್ತು ತರುವವನು ಇದ್ದಾನೆ. ಅವರನ್ನು ಏಕವಚನದಲ್ಲಿ ಕರೆಯುತ್ತೇವೆಯೋ ಬಹುವಚನದಲ್ಲೋ? ಅವರ ಹೆಸರು ನಮಗೆ ಗೊತ್ತೇ? ಅವರು ಯಾವ ಲೋಟದಲ್ಲಿ ನೀರು ಕುಡಿಯುತ್ತಾರೆ, ಯಾವ ಕುರ್ಚಿಯಲ್ಲಿ ಕೂರುತ್ತಾರೆ? ಬಾಲೂ ಕೂಡ ಒಂದು ಕಾಲದಲ್ಲಿ ರೋಲರ್ ಎಳೆಯುವವರೇ ಆಗಿದ್ದರು. ಅವರೊಳಗೊಬ್ಬ ಬೌಲರ್ ಇದ್ದ ಎಂದು ಜಗತ್ತಿಗೆ ತಿಳಿಯಿತು, ಸನ್ಮಾನ ಮಾಡಿತು. ನಮ್ಮ ಮೈದಾನದಲ್ಲಿ ರೋಲರ್ ಎಳೆಯುವವನೊಳಗೆ ಯಾವ ಬೌಲರೂ ಇಲ್ಲದಿರಬಹುದು. ಆಗಲೂ ಅವನಿಗೆ ನಮ್ಮ ಕಪ್ಪಿನಲ್ಲೇ ಚಹಾ ಕೊಡುತ್ತೇವೆಯೇ ಎಂಬುದು ನಾವು ಉತ್ತರಿಸಬೇಕಾದ ಪ್ರಶ್ನೆ.